ಪ್ರಶ್ನೋತ್ತರ: ಚಾಪ್ಲಿನ್ ಬಾಲ್ಯದ, ನಾಟಕದ ದಿನಗಳ ಕಾಗದಪತ್ರ ಸಂಗ್ರಹ

ಪ್ರಶ್ನೆ: ಮೇಡಂ, ಚಾರ್ಲಿ ಚಾಪ್ಲಿನ್ ಸಿನಿಮಾಕ್ಕೆ ಬರುವ ಮುಂಚಿನ ವಸ್ತುಗಳನ್ನಷ್ಟೇ ಸಂಗ್ರಹಿಸಬೇಕೆಂಬ ಆಸೆ. ಮೊದಲಿಗೆ ಒಂದು ಹಾಡಿನ ಸ್ವರಲಿಪಿ ಪುಸ್ತಿಕೆ ಕೊಂಡೆ. ರಕ್ಷಾಪುಟದಲ್ಲಿ ಗಾಯಕರ ಬಣ್ಣದ ಚಿತ್ರ, ಕೆಳಗೆ 'ಚಾರ್ಲ್ಸ್ ಚಾಪ್ಲಿನ್' ಎಂಬ ಹೆಸರು. 1890ರ ದಶಕದ್ದು ಎಂದು ಮಾರಿದವರು ಹೇಳಿದರು. ಆದರೆ ಚಿತ್ರದಲ್ಲಿರುವುದು ಮೂವತ್ತರ ಆಸುಪಾಸಿನ ಗಂಡಸು. ಮೋಸ ಹೋದೆನಾ?

ಉತ್ತರ: ಪುಸ್ತಿಕೆ ಅಸಲಿಯೇ ಇದ್ದೀತು. ಆದರೆ ಚಿತ್ರದಲ್ಲಿರುವುದು ಮಗನಲ್ಲ, ಅಪ್ಪ. ಅವರ ಹೆಸರೂ ಚಾರ್ಲ್ಸ್ ಚಾಪ್ಲಿನ್ನೇ. ಲಂಡನ್ನಿನ ಮ್ಯೂಸಿಕ್ ಹಾಲ್‌ಗಳಲ್ಲಿ, ಅಂದರೆ ಹಾಡು, ಹಾಸ್ಯದ ರಂಗಮಂದಿರಗಳಲ್ಲಿ, ಹೆಸರು ಮಾಡಿದ್ದ ಗಾಯಕ, ಕುಡಿತಕ್ಕೆ ಸಿಕ್ಕಿ 1901ರ ಮೇ ತಿಂಗಳಲ್ಲಿ 38ರ ವಯಸ್ಸಿಗೇ ತೀರಿಕೊಂಡರು. ನಮ್ಮ ಚಾರ್ಲಿ ಹುಟ್ಟಿದ್ದು 1889ರ ಏಪ್ರಿಲ್‌ನಲ್ಲಿ. 1890ರ ದಶಕದ ಹಾಡಿನ ಪುಸ್ತಿಕೆಯಲ್ಲಿ ಆ ಹೆಸರು ಕಂಡರೆ ಅದು ಅಪ್ಪನದು ಎಂದೇ ತಿಳಿಯಿರಿ. ಈ ಕ್ಷೇತ್ರದಲ್ಲಿ ಹೊಸಬರು ಎಡವುವ ಮೊದಲ ಕಲ್ಲು ಇದು.

ನನ್ನನ್ನು ಕೇಳಿದರೆ ಅದನ್ನು ಹಿಂದಿರುಗಿಸಬೇಡಿ. ಮನೆ ಬಿಟ್ಟು ಹೋದ ಅಪ್ಪನ ಮುಖ ಅಂಗಡಿಗಳಲ್ಲಿ ಬಣ್ಣಬಣ್ಣವಾಗಿ ಮಾರಾಟಕ್ಕಿದ್ದಾಗ ಮಗ ಹ್ಯಾನ್‌ವೆಲ್‌ನ ಬಡ ಮಕ್ಕಳ ಶಾಲೆಯಲ್ಲಿದ್ದ. ಬಾಲ್ಯದ ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುತ್ತಿಲ್ಲ. 'ತಂದೆ' ಎಂದು ಬರೆದ ಚೀಟಿ ಜೊತೆಗಿಡಿ, ಅಷ್ಟೆ. ಅಪ್ಪನ ಪುಸ್ತಿಕೆಗೆ ಮಗನ ಬೆಲೆ ಕೊಟ್ಟಿದ್ದರೆ ಮಾತ್ರ ಮಾರಿದವರ ಹತ್ತಿರ ಮಾತಾಡಿ. ತಾಯಿ ಹ್ಯಾನಾ ಕೂಡ 'ಲಿಲಿ ಹಾರ್ಲಿ' ಎಂಬ ಹೆಸರಿನಲ್ಲಿ ಹಾಡುತ್ತಿದ್ದರು. ಆ ಹೆಸರಿರುವ ಹಳೇ ಕಾರ್ಯಕ್ರಮ ಪಟ್ಟಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಪ್ರಶ್ನೆ: ನನ್ನ ಹತ್ತಿರ 'ಎಯ್ಟ್ ಲಂಕಾಶೈರ್ ಲ್ಯಾಡ್ಸ್' ತಂಡದ ಒಂದು ಭಿತ್ತಿಪತ್ರ ಇದೆ. ಚಾಪ್ಲಿನ್ ಆ ತಂಡದಲ್ಲಿದ್ದ ಎಂದು ಓದಿದ್ದೇನೆ. ಆದರೆ ಇದರಲ್ಲಿ ಅವನ ಹೆಸರೇ ಇಲ್ಲ, ಇಸವಿಯೂ ಇಲ್ಲ.

ಉತ್ತರ: ಹೆಸರಿಲ್ಲದಿರುವುದೇ ಸಹಜ. ಮರದಟ್ಟೆಯ ಬೂಟು ಹಾಕಿ ಕುಣಿಯುವ ಹುಡುಗರ ತಂಡ ಅದು. ಜನ ನೋಡಲು ಬರುತ್ತಿದ್ದುದು ತಂಡವನ್ನು, ಒಬ್ಬೊಬ್ಬ ಹುಡುಗನನ್ನಲ್ಲ. ಹಾಗಾಗಿ ಆ ಕಾಲದ ಭಿತ್ತಿಪತ್ರದಲ್ಲಿ ಚಾಪ್ಲಿನ್ ಹೆಸರು ದಪ್ಪಕ್ಷರದಲ್ಲಿ ರಾರಾಜಿಸುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಆ ಭಿತ್ತಿಪತ್ರವನ್ನೇ.

ಇಸವಿ ಇಲ್ಲ ಎಂದು ಕೈಚೆಲ್ಲಬೇಡಿ. ಊರೂರು ತಿರುಗುವ ತಂಡಗಳು ವಾರಕ್ಕೊಂದು ರಂಗಮಂದಿರ ಹಿಡಿಯುತ್ತಿದ್ದವು. ಅದೇ ವಾರ ಅಂಟಿಸಿ ಅದೇ ವಾರ ಹರಿದೆಸೆಯುವ ಕಾಗದಕ್ಕೆ ಇಸವಿ ಯಾಕೆ? 'ಸೋಮವಾರ, ಇಂಥ ತಾರೀಕಿನಿಂದ' ಎಂದಷ್ಟೇ ಹಾಕುತ್ತಿದ್ದರು. ನಮಗೆ ಅಷ್ಟೇ ಸಾಕು. ಒಂದು ಉದಾಹರಣೆ ಕೊಡುತ್ತೇನೆ. ಷರ್ಲಾಕ್ ಹೋಮ್ಸ್ ನಾಟಕದಲ್ಲಿ ಚಾಪ್ಲಿನ್ ಬಿಲ್ಲಿ ಎಂಬ ಆಳುಹುಡುಗನ ಪಾತ್ರ ಮಾಡಿದ. ಲಂಡನ್ನಿನ ವೈಟ್‌ಚಾಪಲ್ ಬಡಾವಣೆಯ ಪೆವಿಲಿಯನ್ ಥಿಯೇಟರ್‌ನಲ್ಲಿ ಅದು ಶುರುವಾದದ್ದು ಜುಲೈ 27, ಸೋಮವಾರ. ಆ ತಾರೀಕು ಸೋಮವಾರಕ್ಕೆ ಬಿದ್ದದ್ದು 1896, 1903, 1908ರಲ್ಲಿ. 1896ರಲ್ಲಿ ಆ ನಾಟಕವೇ ಇರಲಿಲ್ಲ. 1908ರ ಹೊತ್ತಿಗೆ ಅವನು ಫ್ರೆಡ್ ಕಾರ್ನೊ ಎಂಬುವರ ಹಾಸ್ಯ ನಾಟಕ ಕಂಪನಿ ಸೇರಿಯಾಗಿತ್ತು. ಉಳಿದದ್ದು 1903 ಒಂದೇ.

ನಿಮ್ಮ ಭಿತ್ತಿಪತ್ರಕ್ಕೂ ಹೀಗೇ ಲೆಕ್ಕ ಹಾಕಿ. ಅವನು ಲ್ಯಾಡ್ಸ್ ತಂಡದಲ್ಲಿದ್ದದ್ದು 1898ರ ಕೊನೆಯಿಂದ ಸುಮಾರು ಎರಡು ವರ್ಷ. ತಂಡ ಅವನಿಗಿಂತ ಮುಂಚೆಯೂ ಇತ್ತು, ಅವನು ಬಿಟ್ಟ ಮೇಲೂ ನಡೆಯಿತು. ಸಿಕ್ಕ ಇಸವಿಯನ್ನು 'ದಿ ಎರಾ', 'ದಿ ಸ್ಟೇಜ್' ಎಂಬ ರಂಗಭೂಮಿ ವಾರಪತ್ರಿಕೆಗಳ ಜೊತೆ ತಾಳೆ ನೋಡಿ. ಯಾವ ತಂಡ ಯಾವ ವಾರ ಎಲ್ಲಿತ್ತು ಎಂಬುದು ಅವುಗಳಲ್ಲಿ ಸಿಗುತ್ತದೆ. ಬೇಸರದ ಕೆಲಸವೆಂದು ಕೆಲವರು ಇದನ್ನು ಬಿಟ್ಟುಬಿಡುತ್ತಾರೆ. ನನಗಂತೂ ಇದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ಪ್ರಶ್ನೆ: ಹಾಗಾದರೆ 1903ರಿಂದ 1906ರ ನಡುವಿನ ಷರ್ಲಾಕ್ ಹೋಮ್ಸ್ ಕಾರ್ಯಕ್ರಮ ಪಟ್ಟಿ ಯಾವುದು ಸಿಕ್ಕರೂ ಕೊಳ್ಳಬಹುದಲ್ಲವೇ?

ಉತ್ತರ: ಬೇಡ. ಅದೇ ನಾಟಕವನ್ನು ಒಂದಕ್ಕಿಂತ ಹೆಚ್ಚು ತಂಡಗಳು ಬೇರೆ ಬೇರೆ ಊರುಗಳಲ್ಲಿ ಆಡುತ್ತಿದ್ದವು, ಒಂದೊಂದರಲ್ಲೂ ಒಬ್ಬೊಬ್ಬ ಬಿಲ್ಲಿ. ಇಲ್ಲಿ ಮಾತ್ರ ಹೆಸರು ಮುಖ್ಯ. ಪಾತ್ರವರ್ಗದ ಪಟ್ಟಿಯಲ್ಲಿ ಬಿಲ್ಲಿಯ ಎದುರು ಚಾಪ್ಲಿನ್ ಎಂದಿರಬೇಕು. ಮೊದಲ ಪ್ರವಾಸದ್ದಾದರೆ ಹೋಮ್ಸ್ ಎದುರು ಸೇಂಟ್ಸ್‌ಬರಿ ಎಂದಿರುತ್ತದೆ. 1905ರ ಅಕ್ಟೋಬರ್‌ನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನದಾದರೆ ವಿಲಿಯಂ ಗಿಲೆಟ್. ವಾರಕ್ಕೆ ಎರಡು ಪೌಂಡ್ ಹತ್ತು ಶಿಲಿಂಗ್ ಸಂಬಳ ಎಂದಾಗ ಹುಡುಗನಿಗೆ ನಂಬಲಾಗಲಿಲ್ಲವಂತೆ. ಆ ಪಟ್ಟಿಯಲ್ಲಿ ಅವನ ಹೆಸರು ಮುಟ್ಟಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಪ್ರಶ್ನೆ: ಹ್ಯಾನ್‌ವೆಲ್ ಶಾಲೆಯ ದಾಖಲೆ ಪುಸ್ತಕದ ಮೂಲ ಹಾಳೆ ಕೊಡುತ್ತೇನೆ ಎಂದು ಒಬ್ಬರು ಬರೆದಿದ್ದಾರೆ. ಬಡ ಮಕ್ಕಳ ಶಾಲೆ, 1896–98.

ಉತ್ತರ: ಕೊಳ್ಳಬೇಡಿ. ಅಂಥ ಶಾಲೆ, ವರ್ಕ್‌ಹೌಸ್‌ಗಳ (ದಿಕ್ಕಿಲ್ಲದ ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ಆಶ್ರಯಗಳು) ದಾಖಲೆ ಸಾರ್ವಜನಿಕ ಆಸ್ತಿ. ಲಂಡನ್ನಿನವುಗಳ ಜಾಗ 'ದಿ ಲಂಡನ್ ಆರ್ಕೈವ್ಸ್' ಎಂಬ ದಾಖಲೆ ಸಂಗ್ರಹಾಲಯ, 2024ರವರೆಗೆ ಅದರ ಹೆಸರು ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್. ಆ ಹಾಳೆ ನಕಲಿಯಾಗಿರಬೇಕು, ಇಲ್ಲವೇ ಕದ್ದದ್ದಾಗಿರಬೇಕು. ಹ್ಯಾನ್‌ವೆಲ್‌ನ ಮಕ್ಕಳ ನಡುವೆ ಪುಟ್ಟ ಚಾರ್ಲಿ ಇರುವ ಗುಂಪು ಫೋಟೊ ಕೂಡ ಪುಸ್ತಕಗಳಲ್ಲಿ ಎಷ್ಟೋ ಸಲ ಅಚ್ಚಾಗಿದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಸಾಲಾದ ಚುಕ್ಕಿಗಳು ಕಂಡರೆ ಅದು ಮುದ್ರಿತ ಪ್ರತಿ, ಫೋಟೊ ಅಲ್ಲ. ನಿಜಕ್ಕೂ ಆ ಜಾಗಗಳ ಹತ್ತಿರ ಹೋಗಬೇಕೆಂದಿದ್ದರೆ, ಅವನು ತಾಯಿಯೊಡನೆ ಸೇರಿದ್ದ ಲ್ಯಾಂಬೆತ್ ವರ್ಕ್‌ಹೌಸ್‌ನ ಕಟ್ಟಡದಲ್ಲಿ ಈಗ ಸಿನಿಮಾ ಮ್ಯೂಸಿಯಂ ಇದೆ.

ಪ್ರಶ್ನೆ: ನೇರಳಾತೀತ ದೀಪದಲ್ಲಿ ಹೊಳೆಯದಿದ್ದರೆ ಕಾಗದ ಹಳೆಯದು ಎಂದು ಧೈರ್ಯವಾಗಿ ಹೇಳಬಹುದೇ?

ಉತ್ತರ: ಅರ್ಧ ಮಾತ್ರ ನಿಜ. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಸುಮಾರು 1950ರಿಂದ. ಹಾಗಾಗಿ ನೀಲಿಯಾಗಿ ಮಿನುಗಿದರೆ 1903ರ ಕಾಗದವಲ್ಲ ಎನ್ನಬಹುದು. ಮಿನುಗದಿದ್ದರೆ ಏನೂ ಸಾಬೀತಾಗುವುದಿಲ್ಲ. ಹಳೇ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಅಚ್ಚು ಹಾಕುವವರಿದ್ದಾರೆ.

ಪ್ರಶ್ನೆ: ನನ್ನ ಭಿತ್ತಿಪತ್ರ ಮಡಿಕೆಯಲ್ಲಿ ಹರಿಯುತ್ತಿದೆ. ಲ್ಯಾಮಿನೇಟ್ ಮಾಡಿಸಲಾ?

ಉತ್ತರ: ದಯವಿಟ್ಟು ಬೇಡ, ಸೆಲೋಟೇಪೂ ಬೇಡ. ಟೇಪಿನ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಲ್ಯಾಮಿನೇಷನ್ ಬಿಡಿಸಲು ಹೋದರೆ ಅಚ್ಚೇ ಎದ್ದು ಬರುತ್ತದೆ. ನನ್ನ ಮೇಜಿಗೆ ಬಂದ ಒಳ್ಳೊಳ್ಳೆಯ ಕಾಗದಗಳು ಹಾಳಾದದ್ದು ಕಾಲದಿಂದಲ್ಲ, ಈ ಎರಡರಿಂದ. ಅಗ್ಗದ ಮರದ ತಿರುಳಿನ ಕಾಗದ ಅದು, ತನ್ನ ಆಮ್ಲದಿಂದ ತಾನೇ ಸುಡುತ್ತಿರುತ್ತದೆ. ಆಮ್ಲರಹಿತ ರಟ್ಟಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿಡಿ, ಪಿವಿಸಿ ಬೇಡ. ಹರಿದ ಜಾಗವನ್ನು ಜಪಾನಿ ಕಾಗದ, ಗೋಧಿ ಗಂಜಿಯಿಂದ ಬೆಸೆಯಬಹುದು, ಆದರೆ ಮೊದಲ ಸಲ ಕೈ ಹಚ್ಚುವುದು ಇದರ ಮೇಲೆ ಬೇಡ. ಗೋಡೆಗೆ ಬೇಕಿದ್ದರೆ ಬಣ್ಣದ ಪ್ರತಿ ತೆಗೆಸಿ ಅದನ್ನು ತೂಗುಹಾಕಿ. ಯಾರಿಂದ, ಯಾವಾಗ ಬಂತು ಎಂಬ ರಸೀದಿ, ಪತ್ರ ಏನಿದ್ದರೂ ಜೊತೆಯಲ್ಲೇ ಇರಲಿ, ಅದೇ ಲಕೋಟೆಯೊಳಗೆ ಮಾತ್ರ ತುರುಕಬೇಡಿ. ತಾರೀಕಿನ ಲೆಕ್ಕ ಹಾಕಿದ ಮೇಲೆ ಇಸವಿ ಯಾವುದು ಬಂತೆಂದು ಇಲ್ಲಿ ಹಾಕಿ, ನನಗೂ ಕುತೂಹಲವಿದೆ.