ಕ್ಯಾಪ್ಟನ್ ಹುಮಾಯೂನ್ ಖಾನ್ ಯಾರು ಎಂದು ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಕೇಳಿ.

ನಮ್ಮ ಗುಂಪಿನ ಹುಡುಗನೊಬ್ಬ ಕಾಲೇಜಿನಲ್ಲಿ ಆರ್‌ಒಟಿಸಿ, ಅಂದರೆ ಸೇನಾಧಿಕಾರಿಗಳ ತರಬೇತಿಗೆ ಸೇರಿದ ಎಂದು ತಿಳಿದಾಗ, "ನಾವು ಅಮೆರಿಕಕ್ಕೆ ಓದಲು, ದುಡಿಯಲು ಬಂದವರು, ಸೈನ್ಯದ ಉಸಾಬರಿ ನಮಗೇಕೆ" ಎಂದು ಕೆಲವರು ಬರೆದಿರಿ. ಆಗಲೇ ಯಾರೋ, ಇರಾಕ್ ಯುದ್ಧದಲ್ಲಿ ಮಡಿದ ಅಮೆರಿಕದ ಸೇನಾಧಿಕಾರಿ ಹುಮಾಯೂನ್ ಖಾನ್ ಹೆಸರೆತ್ತಿದರು. 2016ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ವೇದಿಕೆಯಲ್ಲಿ ಜೇಬಿನಿಂದ ಅಮೆರಿಕದ ಸಂವಿಧಾನದ ಪುಟ್ಟ ಪುಸ್ತಕ ತೆಗೆದು ತೋರಿಸಿದ ತಂದೆ ಖಿಜರ್ ಖಾನ್ ಎಲ್ಲರಿಗೂ ನೆನಪಿದ್ದಾರೆ. ಮಗ ಎಂಥವನೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನನ್ನ ಸಂಕಟ ಅದು.

ಅವನು ಮೇರಿಲ್ಯಾಂಡ್ ರಾಜ್ಯದ ನಮ್ಮದೇ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಬೆಳೆದವನು. 1976ರಲ್ಲಿ ಯುಎಇಯಲ್ಲಿ ಹುಟ್ಟಿದ, ಪಾಕಿಸ್ತಾನಿ ದಂಪತಿಯ ಮೂವರು ಗಂಡುಮಕ್ಕಳಲ್ಲಿ ನಡುವಿನವನು. ಹೈಸ್ಕೂಲಿನಲ್ಲಿದ್ದಾಗ ಅಂಗವಿಕಲ ಮಕ್ಕಳಿಗೆ ಈಜು ಕಲಿಸುತ್ತಿದ್ದನಂತೆ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಇದೇ ಆರ್‌ಒಟಿಸಿ ಸೇರಿ 2000ದಲ್ಲಿ ಪದವಿ ಪಡೆದ. ಮುಂದೆ ವಕೀಲನಾಗುವ ಆಸೆಯಿತ್ತು.

2004ರ ಜೂನ್ 8, ಇರಾಕಿನ ಬಕೂಬಾ. ಸೇನಾನೆಲೆಯ ಗೇಟಿನ ಬಳಿ ಒಂದು ಟ್ಯಾಕ್ಸಿ ಅನುಮಾನ ಬರುವಂತೆ ನುಗ್ಗಿ ಬಂತು. ತನ್ನ ಕೈಕೆಳಗಿನವರಿಗೆ ಹಿಂದೆ ಸರಿಯಲು ಹೇಳಿ, ಅದನ್ನು ತಡೆಯಲು ತಾನೊಬ್ಬನೇ ಮುಂದೆ ನಡೆದ. ಹತ್ತು ಹೆಜ್ಜೆ ಎನ್ನುತ್ತಾರೆ ತಂದೆ. ಬಾಂಬ್ ಸಿಡಿಯಿತು. ಇಬ್ಬರು ಇರಾಕಿ ನಾಗರಿಕರೂ ಸತ್ತರು, ಅವರನ್ನೂ ಮರೆಯಬಾರದು. ಅವನಿಗೆ 27 ವರ್ಷ. ಆ ಯುದ್ಧವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಹತ್ತು ಹೆಜ್ಜೆ ಅವನದು, ಯುದ್ಧ ಸಾರಿದವರದಲ್ಲ.

ತಾಯಿ ಗಜಾಲಾ ಆ ವೇದಿಕೆಯಲ್ಲಿ ಮಾತನಾಡಲಿಲ್ಲವೆಂದು ಎಷ್ಟು ಆಡಿಕೊಂಡರು! ಹಿಂದೆ ದೊಡ್ಡ ಪರದೆಯ ಮೇಲೆ ಮಗನ ಚಿತ್ರವಿರುವಾಗ ಯಾವ ತಾಯಿಗೆ ಬಾಯಿ ಬಂದೀತು? ಆಮೇಲೆ ಅವರೇ ಬರೆದರು. ಅಮ್ಮಂದಿರ ದಿನ ಕೊನೆಯ ಸಲ ಮಗನೊಡನೆ ಮಾತಾಡುವಾಗ, ವೀರನಾಗಲು ಹೋಗಬೇಡ, ಹಿಂದೆಯೇ ಇರು ಎಂದು ಗೋಗರೆದಿದ್ದರಂತೆ. ಇವರು ನನ್ನ ಸೈನಿಕರು, ನಾನೇ ನೋಡಿಕೊಳ್ಳಬೇಕು ಎಂದನಂತೆ ಅವನು. ಅವನ ಸಾಮಾನುಗಳಿದ್ದ ಕಪಾಟನ್ನು ಶುಚಿಗೊಳಿಸಲು ಅವರಿಗೆ ವರ್ಷಗಟ್ಟಲೆ ಕೈ ಬರಲಿಲ್ಲ, ಕೊನೆಗೆ ಸೊಸೆಗೆ ಹೇಳಿದರು. ಅದನ್ನು ಓದಿ ನನ್ನ ಕರುಳು ಹಿಂಡಿದಂತಾಯಿತು.

ಆದ್ದರಿಂದ ದಯವಿಟ್ಟು, "ನೋಡಿ, ವಲಸಿಗರೂ ದೇಶಭಕ್ತರೇ" ಎಂದು ತೋರಿಸಲು ಮಾತ್ರ ಅವನ ಹೆಸರು ಬಳಸಬೇಡಿ. ಯಾರಿಗೋ ಪ್ರಮಾಣಪತ್ರ ಕೊಡಲು ಅವನು ಹೋಗಲಿಲ್ಲ. ನಮ್ಮ ಹುಡುಗನ ವಿಷಯದಲ್ಲೂ ಅಷ್ಟೇ. ಅವನನ್ನು ಹೊಗಳುವ, ತೆಗಳುವ ಮೊದಲು ಏಕೆ ಸೇರಿದೆ ಎಂದು ಕೂರಿಸಿಕೊಂಡು ಕೇಳಿ. ಅವನ ಅಮ್ಮನಿಗೆ ಇವತ್ತೇ ಒಂದು ಫೋನ್ ಮಾಡಿ, ಗುಂಪಿನಲ್ಲಿ ಬುದ್ಧಿ ಹೇಳಬೇಡಿ.

ಸೋಮವಾರ ಮೆಮೋರಿಯಲ್ ಡೇ, ಮಡಿದ ಸೈನಿಕರನ್ನು ನೆನೆಯುವ ದಿನ. ನಾವು ಬೆಳಿಗ್ಗೆಯೇ ಆರ್ಲಿಂಗ್ಟನ್‌ನ ಸೈನಿಕರ ಸ್ಮಶಾನಕ್ಕೆ ಹೊರಡುತ್ತೇವೆ. 60ನೇ ವಿಭಾಗದಲ್ಲಿ ಹುಮಾಯೂನ್‌ನ ಸಮಾಧಿಯಿದೆ, ಬಿಳಿ ಕಲ್ಲಿನ ಮೇಲ್ತುದಿಯಲ್ಲಿ ಅರ್ಧಚಂದ್ರ, ನಕ್ಷತ್ರ ಕೆತ್ತಿರುತ್ತಾರೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ, ಬರುವವರು ನಾಳೆ ರಾತ್ರಿಯೊಳಗೆ ತಿಳಿಸಿ.