ಅಕ್ಕನ ಮಗನಿಗೆ ಮೈಕ್ರೋಸೆಫಲಿ. ಟೆಸ್ಟ್ ಮಾಡಿಸಿ ಮಾವನ ಮಗನನ್ನೇ ಮದುವೆ ಆಗಬಹುದಾ?

ನಿಂಬೆಹುಳಿ: ನಮ್ಮ ಅಕ್ಕನನ್ನು ಚಿಕ್ಕ ಸೋದರಮಾವನಿಗೇ ಕೊಟ್ಟಿದ್ದು. ಅವಳ ಮಗನಿಗೆ ಈಗ ಐದು ವರ್ಷ. ಹುಟ್ಟಿದಾಗಲೇ ತಲೆ ಚಿಕ್ಕದಿತ್ತು. ಓಡಾಡುತ್ತಾನೆ, ನಗುತ್ತಾನೆ, ಮಾತು ಮಾತ್ರ ನಾಲ್ಕೈದೇ. ಪ್ರೈಮರಿ ಮೈಕ್ರೋಸೆಫಲಿ, ಅಂದರೆ ಹುಟ್ಟಿನಿಂದಲೇ ಮೆದುಳು ಚಿಕ್ಕದು, ಅಂದಿದ್ದಾರೆ. ಎಎಸ್‌ಪಿಎಂ ಅನ್ನುವ ಜೀನಿನ ಎರಡೂ ಪ್ರತಿಯಲ್ಲಿ ಒಂದೇ ದೋಷ ಇದೆ ಅಂತ ರಿಪೋರ್ಟ್ ಬಂದಿದೆ. ಈಗ ದೊಡ್ಡ ಮಾವನ ಮಗನಿಗೆ ನನ್ನನ್ನು ಕೇಳುತ್ತಿದ್ದಾರೆ. ಹುಡುಗ ಒಳ್ಳೆಯವನು, ನನಗೂ ಇಷ್ಟ. ಅಮ್ಮ 'ಅದು ಅಕ್ಕನ ಗ್ರಹಚಾರ, ನಿನಗ್ಯಾಕೆ ಬರುತ್ತೆ' ಅನ್ನುತ್ತಾಳೆ. ಏನು ಮಾಡಲಿ?

ಕೆರೆದಂಡೆ ರಾಮಣ್ಣ: ನಮ್ಮ ತಾತ ಅಕ್ಕನ ಮಗಳನ್ನೇ ಮದುವೆ ಆದವರು. ಒಂಬತ್ತು ಮಕ್ಕಳು. ಒಬ್ಬರಿಗೂ ಒಂದು ಊನ ಇಲ್ಲ. ಈಗಿನ ಡಾಕ್ಟರುಗಳು ನೆಗಡಿ ಬಂದರೂ ಸೋದರಿಕೆ ಅನ್ನುತ್ತಾರೆ.

ಎರಡನೇ ಪಾಳಿ: ರಾಮಣ್ಣನವರೇ, ನಾನು ಜೆನೆಟಿಕ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಿಮ್ಮ ತಾತನ ಮಾತು ಸುಳ್ಳಲ್ಲ. ಹೆಚ್ಚಿನ ಜೀನುಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೆ ಇನ್ನೊಂದು ಸಂಭಾಳಿಸುತ್ತೆ. ಹೀಗೆ ಕೆಟ್ಟ ಪ್ರತಿಗಳನ್ನು ಹೊತ್ತುಕೊಂಡೇ ನಾವೆಲ್ಲ ಆರಾಮಾಗಿ ತಿರುಗಾಡುತ್ತೇವೆ. ಇಂಥ ಕಾಯಿಲೆ ಬರುವುದು ಎರಡೂ ಕೆಟ್ಟಾಗ. ಸೋದರಮಾವನ ಮದುವೆಯಲ್ಲಿ ಮಗುವಿನ ಜೀನುಗಳ ಎಂಟರಲ್ಲಿ ಒಂದು ಪಾಲು, ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುತ್ತೆ. ಮಾವನ ಮಗ, ಅತ್ತೆ ಮಗ ಆದರೆ ಹದಿನಾರರಲ್ಲಿ ಒಂದು.

ಕೆರೆದಂಡೆ ರಾಮಣ್ಣ: ಹದಿನಾರರಲ್ಲಿ ಹದಿನೈದು ಮಕ್ಕಳು ಸರಿ ಇರ್ತಾರೆ ಅಂತ ನೀವೇ ಒಪ್ಪಿದಿರಲ್ಲ ಮೇಡಂ.

ಎರಡನೇ ಪಾಳಿ: ಅದು ಮಕ್ಕಳ ಲೆಕ್ಕ ಅಲ್ಲ ಸರ್, ಒಂದೇ ಮಗುವಿನೊಳಗಿನ ಜೀನುಗಳ ಲೆಕ್ಕ. ಮಕ್ಕಳ ಲೆಕ್ಕ ಬೇಕಾದರೆ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಸಾವಿರಾರು ಮಕ್ಕಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು ಇದೆ. ಹುಟ್ಟಿನಿಂದಲೇ ಬರುವ ದೋಷ ಸಾಮಾನ್ಯವಾಗಿ ನೂರಕ್ಕೆ 3. ಅಣ್ಣ-ತಂಗಿಯರ ಮಕ್ಕಳು, ಅಣ್ಣ-ತಮ್ಮಂದಿರ ಮಕ್ಕಳು ಹೀಗೆ ಒಂದೇ ಅಜ್ಜನ ಮೊಮ್ಮಕ್ಕಳು ಮದುವೆ ಆದರೆ ಸುಮಾರು 6. ಅಂದರೆ 94 ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಸೋದರಮಾವನಾದರೆ ಅಪಾಯ ಇನ್ನೂ ಜಾಸ್ತಿ. ಆದರೆ ನಿಂಬೆಹುಳಿ ಅವರ ಮನೆಗೆ ಈ ಸರಾಸರಿ ಹೊಂದಲ್ಲ. ಅಲ್ಲಿ ಕೆಟ್ಟ ಪ್ರತಿ ಇರುವುದು ಆಗಲೇ ಗೊತ್ತಾಗಿದೆ.

ಗಂಗಾವತಿ ಬಸು: ಸೋದರಿಕೆಯನ್ನು ಕಾನೂನು ಮಾಡಿ ನಿಲ್ಲಿಸಬೇಕು. ನಮ್ಮ ರಾಜ್ಯದಲ್ಲಿ ಇವತ್ತಿಗೂ ಸುಮಾರು ಕಾಲು ಭಾಗ ಮದುವೆ ನೆಂಟರಲ್ಲೇ ಆಗುತ್ತಿವೆ. ನಾಚಿಕೆಗೇಡು.

ವಕೀಲರ ಮನೆ: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನಿಷೇಧ ಇದೆ ಬಸು. ಆದರೆ 'ರೂಢಿ ಇದ್ದವರಿಗೆ ಅಡ್ಡಿಯಿಲ್ಲ' ಅಂತ ಹಿತ್ತಲ ಬಾಗಿಲೂ ಅಲ್ಲೇ ಇದೆ.

ಚಿನ್ನುವಿನಮ್ಮ: ನಮ್ಮದು ಸಂಬಂಧವೇ ಇಲ್ಲದ ಮದುವೆ. ಜಿಲ್ಲೆಯೇ ಬೇರೆ. ಆದರೂ ಮಗನಿಗೆ ಫ್ರಜೈಲ್ ಎಕ್ಸ್, ಬುದ್ಧಿ ಬೆಳವಣಿಗೆ ಕುಂಠಿತವಾಗುವ ಕಾಯಿಲೆ. ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತೆ. ನನ್ನಲ್ಲಿ ಅದು ಸ್ವಲ್ಪ ಉದ್ದ, ಮಗನಿಗೆ ಹೋಗುವಾಗ 200 ಸಲ ದಾಟಿತು. ಜೀನ್ ಮುಚ್ಚಿಕೊಂಡಿತು. ನನ್ನಿಂದ ಬಂದದ್ದು ಅಂತ ತಿಳಿದ ದಿನದಿಂದ ಅತ್ತೆ ಒಂದು ವರ್ಷ ನನ್ನ ಕೈಯಲ್ಲಿ ನೀರು ತೆಗೆದುಕೊಳ್ಳಲಿಲ್ಲ. ಸೋದರಿಕೆ ನಿಂತರೆ ಎಲ್ಲ ಸರಿಹೋಗುತ್ತೆ ಅಂತ ಸುಮ್ನೆ ಬರೀಬೇಡಿ ಬಸು.

ಎರಡನೇ ಪಾಳಿ: ಚಿನ್ನುವಿನಮ್ಮ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಅಗರ್‌ವಾಲರಲ್ಲಿ ಒಂದೇ ಗೋತ್ರದಲ್ಲಿ ಮದುವೆ ಇಲ್ಲ, ಸೋದರಿಕೆಯೂ ಇಲ್ಲ. ಆದರೂ ತಲೆ ದೊಡ್ಡದಾಗಿ, ಮೆದುಳಿನ ಬಿಳಿಭಾಗ ಊದಿಕೊಳ್ಳುವ ಎಂಎಲ್‌ಸಿ ಅನ್ನುವ ಕಾಯಿಲೆ ಅವರಲ್ಲಿ ಜಾಸ್ತಿ. ನೂರಾರು ವರ್ಷ ಒಂದೇ ಸಮುದಾಯದೊಳಗೆ ಕೊಟ್ಟು ತಂದರೆ, ಯಾವಾಗಲೋ ಒಬ್ಬ ಹಿರಿಯರಲ್ಲಿದ್ದ ದೋಷ ಎಷ್ಟೋ ಮನೆ ಸೇರಿರುತ್ತೆ. ಗೋತ್ರ ನೋಡಿದರೆ ಅದು ಕಾಣಲ್ಲ.

ಗಂಗಾವತಿ ಬಸು: ಸರಿ, ಮಾತು ಜಾಸ್ತಿ ಆಯ್ತು, ಕ್ಷಮಿಸಿ. ಆದರೆ ಈ ಹುಡುಗಿ ಗೊತ್ತಿದ್ದೂ ಗೊತ್ತಿದ್ದೂ ಅದೇ ಮನೆಗೆ ಯಾಕೆ ಹೋಗಬೇಕು?

ನಿಂಬೆಹುಳಿ: ಎಎಸ್‌ಪಿಎಂ ಅಂದರೆ ಏನು ಅಂತಲೇ ನಮಗೆ ಸರಿಯಾಗಿ ಯಾರೂ ಹೇಳಲಿಲ್ಲ ಮೇಡಂ. ಅಕ್ಕ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಳು ಅಂತ ಮನೆಯಲ್ಲಿ ಇನ್ನೂ ಮಾತು ನಡೆಯುತ್ತೆ.

ಎರಡನೇ ಪಾಳಿ: ಗ್ರಹಣಕ್ಕೂ ಇದಕ್ಕೂ ಏನೂ ಇಲ್ಲ. ಹೊಟ್ಟೆಯಲ್ಲಿರುವಾಗ ಮೆದುಳಿನ ಮೂಲಕೋಶಗಳು ಮೊದಲು ತಮ್ಮಂಥವನ್ನೇ ಹೆಚ್ಚಿಸಿಕೊಳ್ಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ. ಆಮೇಲೆ ನರಕೋಶ ಮಾಡಲು ಶುರು. ಆ ಕೋಶ ಸಮನಾಗಿ ಸೀಳುವುದಕ್ಕೆ ಎಎಸ್‌ಪಿಎಂ ಬೇಕು. ಅದು ಕೆಟ್ಟರೆ ಮೂಲಕೋಶಗಳು ಅವಸರಕ್ಕೆ ನರಕೋಶಗಳಾಗಿ ಮುಗಿದುಹೋಗುತ್ತವೆ. ಬಿತ್ತನೆ ರಾಗಿಯನ್ನೇ ಬೀಸಿಬಿಟ್ಟ ಹಾಗೆ. ಬೆಳೆ ಕಡಿಮೆ, ಮೆದುಳು ಚಿಕ್ಕದು.

ಈಗ ನಿಮ್ಮ ಲೆಕ್ಕ. ಅಕ್ಕನಲ್ಲೂ ಚಿಕ್ಕ ಮಾವನಲ್ಲೂ ಒಂದೇ ದೋಷ ಇದೆ. ಅಂದರೆ ಅದು ನಿಮ್ಮ ತಾಯಿಯ ತವರಿನದು, ತಾಯಿಯಲ್ಲೂ ಇದೆ ಅಂತಲೇ ಇಟ್ಟುಕೊಳ್ಳಿ. ನಿಮ್ಮಲ್ಲಿರುವ ಸಾಧ್ಯತೆ ಎರಡರಲ್ಲಿ ಒಂದು. ದೊಡ್ಡ ಮಾವನಿಗೂ ಅಷ್ಟೇ, ಅವರ ಮಗನಿಗೆ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದರೂ ಸಾಕು, ಈ ಕಾಯಿಲೆಯ ಚಿಂತೆ ಇಲ್ಲ. ಅಕ್ಕನ ಮಗನ ರಿಪೋರ್ಟ್ ಇರುವುದರಿಂದ ಏನು ಹುಡುಕಬೇಕು ಅಂತ ಲ್ಯಾಬಿಗೆ ಗೊತ್ತು. ಅದೇ ದೊಡ್ಡ ಅನುಕೂಲ. ಅಕ್ಕ ಮತ್ತೆ ಬಸುರಿಯಾದರೆ ಅವಳಿಗೂ 11ರಿಂದ 13 ವಾರದೊಳಗೆ ಮಾಸಿನ ತುಣುಕು ತೆಗೆದು ನೋಡಬಹುದು.

ಗಂಗಾವತಿ ಬಸು: ಆದರೆ ಆ ಒಂದು ಜೀನ್ ತಾನೇ? ಉಳಿದವು?

ಎರಡನೇ ಪಾಳಿ: ಒಳ್ಳೆಯ ಪ್ರಶ್ನೆ. ಮೈಕ್ರೋಸೆಫಲಿಗೇ ಎರಡು ಡಜನ್‌ಗಿಂತ ಹೆಚ್ಚು ಜೀನುಗಳಿವೆ. ಅದರಲ್ಲಿ ಎಸ್‌ಟಿಐಎಲ್ ಅನ್ನುವುದನ್ನು 2009ರಲ್ಲಿ ಗುರುತಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ನಿಮ್ಹಾನ್ಸ್‌ನವರು, ಇಂಥ ಮನೆಗಳ ರಕ್ತ ನೋಡಿಯೇ. ಒಂದು ಟೆಸ್ಟ್ ನೆಗೆಟಿವ್ ಬಂದರೂ ಸೋದರಿಕೆಯ ಉಳಿದ ಅಪಾಯ ಹಾಗೇ ಇರುತ್ತೆ. ನನ್ನ ತಂಗಿಯೇ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಆದರೆ ತೀರ್ಮಾನ ನಿಮ್ಮಿಬ್ಬರದು. ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ.

ನಿಂಬೆಹುಳಿ: ಹುಡುಗನಿಗೆ ಈಗಷ್ಟೇ ಫೋನ್ ಮಾಡಿದೆ. ಟೆಸ್ಟಿಗೆ ಬರ್ತೀನಿ ಅಂದ. ಕಷ್ಟ ಅದಲ್ಲ. ಗ್ರಹಚಾರ ಅನ್ನುತ್ತಿದ್ದ ಅಮ್ಮನಿಗೆ, ಅದು ನಿನ್ನಲ್ಲೂ ಇದೆ ಅಂತ ಹೇಗೆ ಹೇಳಲಿ?

ಕೆರೆದಂಡೆ ರಾಮಣ್ಣ: ತಾತನಿಂದ ಬಂದದ್ದು ಅಂತ ಹೇಳಮ್ಮ. ತೀರಿಕೊಂಡವರು ಬೇಜಾರು ಮಾಡ್ಕೊಳ್ಳಲ್ಲ.

ಎರಡನೇ ಪಾಳಿ: ತಾತನೋ ಅಜ್ಜಿಯೋ, ಇಬ್ಬರಲ್ಲಿ ಒಬ್ಬರು. ರಾಮಣ್ಣನವರ ಮಾತಲ್ಲಿ ಅರ್ಧ ನಿಜ ಇದೆ.