ಒಂಟಿ ಗ್ಯಾರೇಜಿನಲ್ಲಿ ಕಿಟ್ ಕಾರು: ಡೋನರ್‌ನಿಂದ ಐವಿಎವರೆಗೆ ಕಟ್ಟಿದವರ ಮಾತು

ಪ್ರಶ್ನೆ

ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಕವೆಂಟ್ರಿ ಹತ್ತಿರ. ಮನೆಗೆ ಅಂಟಿದ ಹಾಗೆ ಒಂದು ಕಾರು ಹಿಡಿಸೋ ಗ್ಯಾರೇಜಿದೆ, ಕೈಗೆ ಸಿಗೋದು ಶನಿವಾರ, ಭಾನುವಾರ ಮಾತ್ರ. ಲೋಟಸ್ ಸೆವೆನ್ ಥರದ ಎರಡು ಸೀಟಿನ ತೆರೆದ ಕಿಟ್ ಕಾರು, ಅಂದರೆ ಭಾಗಗಳನ್ನ ತಂದು ಮನೇಲೇ ಜೋಡಿಸೋ ಕಾರು, ಕಟ್ಟೋ ಆಸೆ. ಬ್ರೇಕ್ ಪ್ಯಾಡ್, ಕ್ಲಚ್ ಬದಲಿಸುವಷ್ಟು ಕೆಲಸ ಬರುತ್ತೆ, ವೆಲ್ಡಿಂಗ್ ಅಷ್ಟಕ್ಕಷ್ಟೆ. ಎಲ್ಲಾ ಸೇರಿ 6,000 ಪೌಂಡ್ ದಾಟಬಾರದು. ಡೋನರ್, ಅಂದರೆ ಬಿಚ್ಚಿ ಭಾಗ ತೆಗೆಯೋಕೆ ಕೊಳ್ಳೋ ಹಳೇ ಕಾರು, ಯಾವುದು ತಗೊಳ್ಳಲಿ? ಚಾಸಿ (ಕಾರಿನ ಅಡಿಗಟ್ಟು) ಕೊಳ್ಳೋದಾ, ನಾನೇ ಕಟ್ಟೋದಾ? ಕಟ್ಟಿದ ಕಾರನ್ನ ನೋಂದಾಯಿಸೋ ಮುನ್ನ ಪಾಸಾಗಬೇಕಾದ ಐವಿಎ ಪರೀಕ್ಷೆಯಲ್ಲಿ ಜನ ಎಲ್ಲಿ ಎಡವುತ್ತಾರೆ?

ಉತ್ತರ 1

ಮೊದಲು ಡೋನರ್. ಈ ಬಜೆಟ್ಟಿಗೆ ಮಜ್ದಾ ಎಂಎಕ್ಸ್-5, ಮಾರ್ಕ್ 1 ಅಥವಾ ಮಾರ್ಕ್ 2 (ಅದರ ಮೊದಲ ಎರಡು ತಲೆಮಾರು). ಹಳೇ ಫೋರ್ಡ್ ಎಸ್ಕಾರ್ಟ್, ಸಿಯೆರಾ ಕಾಲ ಮುಗೀತು. ಈಗ ಅವು ಸಂಗ್ರಹಕಾರರ ವಸ್ತು, ಬಿಡಿಭಾಗವೂ ದುಬಾರಿ. ಎಂಎಕ್ಸ್-5 ಹಾಗಲ್ಲ. ಚಳಿಗಾಲದಲ್ಲಿ ಉಪ್ಪು ಚೆಲ್ಲೋ ಇಲ್ಲಿನ ರಸ್ತೆಗೆ ಅದರ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ತುಕ್ಕು ಹಿಡಿಯುತ್ತೆ, ಮಾರ್ಕ್ 2 ಆದರೆ ಮುಂದಿನ ಚಾಸಿ ರೈಲ್ ಕೂಡ. ಎಂಒಟಿ ಅನ್ನೋ ವಾರ್ಷಿಕ ತಪಾಸಣೆಯಲ್ಲಿ ಫೇಲಾಗಿ ಗುಜರಿ ಬೆಲೆಗೆ ಬರುತ್ತೆ, ಆದರೆ ನಮಗೆ ಬೇಕಾದ ಎಂಜಿನ್, ಗೇರ್‌ಬಾಕ್ಸ್, ಡಿಫ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರು ಪೆಟ್ಟಿಗೆ), ಹಬ್, ಬ್ರೇಕ್ ಎಲ್ಲಾ ಗಟ್ಟಿಯಾಗೇ ಇರುತ್ತೆ.

ಕೊಳ್ಳುವಾಗ ಓಡೋ ಸ್ಥಿತಿಯ ಇಡೀ ಕಾರನ್ನೇ ಕೊಳ್ಳಿ. ಎಂಜಿನ್ ಒಂದು ಕಡೆ, ಡಿಫ್ ಇನ್ನೊಂದು ಕಡೆ ಅಂತ ಬಿಡಿಬಿಡಿಯಾಗಿ ತಂದರೆ ಬಜೆಟ್ ಸೋರಿಹೋಗೋದು ಅಲ್ಲೇ. ಪ್ರತಿ ಬ್ರ್ಯಾಕೆಟ್, ಪ್ರತಿ ಕನೆಕ್ಟರ್, ಒಂದು ವಿಚಿತ್ರ ಸೈಜಿನ ಬೋಲ್ಟು ಬೇರೆ ಬೇರೆ ತರಿಸಬೇಕಾಗುತ್ತೆ. ಬಿಚ್ಚುವ ಮೊದಲು ಓಡಿಸಿ ನೋಡಿ: ಎರಡನೇ ಗೇರು ಕಿರಿಕಿರಿ ಮಾಡುತ್ತಾ, ಡಿಫ್ ಊಳಿಡುತ್ತಾ, ಹೀಟರ್ ಬಿಸಿಯಾಗುತ್ತಾ. ಕಟ್ಟಿದ ಮೇಲೆ ಇವನ್ನ ಹುಡುಕೋದು ನರಕ.

1.6 ಎಂಜಿನ್ನಿನ ತೀರಾ ಮೊದಲ ಕಾರುಗಳಲ್ಲಿ, ಅಂದರೆ 1991ರ ಮಧ್ಯದವರೆಗೆ, ಕ್ರ್ಯಾಂಕ್ ಮೂಗು, ಅಂದರೆ ಪುಲ್ಲಿ ಕೂರೋ ಕ್ರ್ಯಾಂಕ್ ಶಾಫ್ಟಿನ ತುದಿ, ಗಿಡ್ಡ. ಪುಲ್ಲಿ ಬೋಲ್ಟು ಸಡಿಲವಾದರೆ ಪುಲ್ಲಿಯನ್ನ ಹಿಡಿದಿಡೋ ಸಣ್ಣ ಲೋಹದ ಕೀ ಕೂರೋ ತೋಡು ಸವೆದು ಟೈಮಿಂಗ್ ಅಲೆಯುತ್ತೆ. ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ. ನಾಲ್ಕು ಕಂಡರೆ ಬಿಟ್ಟು ಮುಂದೆ ಹೋಗಿ. ಡಿಫ್ ವಿಷಯದಲ್ಲೂ 1.8ರದ್ದು ದಪ್ಪ, ಮೊದಲ 1.6ರದ್ದು ಸಣ್ಣದು, ಹಗುರ ಕಾರಿಗೆ ಸಣ್ಣದೂ ತಡೆಯುತ್ತೆ.

ಬೇಡದ್ದನ್ನ ಮಾರಿ. ಹಾರ್ಡ್‌ಟಾಪ್ ಇದ್ದರೆ ಅದೊಂದೇ ಡೋನರ್ ಬೆಲೆಯ ದೊಡ್ಡ ಪಾಲು ವಾಪಸ್ ಕೊಡುತ್ತೆ. ಬಾಗಿಲು, ಬೂಟ್ ಮುಚ್ಚಳ, ಸೀಟು, ಗಾಜು, ಎಲ್ಲಕ್ಕೂ ಗಿರಾಕಿ ಇದ್ದಾರೆ. ಆದರೆ ಖಾಲಿ ಬಾಡಿಯನ್ನ ಗುಜರಿಗೆ ಕಳಿಸೋ ಆತುರ ಬೇಡ. ಹೊಸ ಕಾರು ಸ್ಟಾರ್ಟ್ ಆಗೋವರೆಗೆ ಇಟ್ಟುಕೊಳ್ಳಿ. "ಈ ಅರ್ಥ್ ವೈರು ಎಲ್ಲಿ ಹೋಗ್ತಿತ್ತು?" ಅನ್ನೋ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತೆ.

ಉತ್ತರ 2

ಡೋನರ್ ಬಗ್ಗೆ ಮೇಲಿನವರ ಮಾತು ಒಪ್ಪಿದೆ. ಚಾಸಿ ಬಗ್ಗೆ ನನ್ನ ಮಾತು: ವೆಲ್ಡಿಂಗ್ ಅಷ್ಟಕ್ಕಷ್ಟೆ ಅಂದಮೇಲೆ ಕೊಂಡುಬಿಡಿ. ಬಾಕ್ಸ್ ಪೈಪಿನ ಬೆಲೆ ನೋಡಿ ಮನೇಲಿ ಕಟ್ಟಿದರೆ ಲಾಭ ಅನ್ನಿಸುತ್ತೆ. ಮಿಗ್ ವೆಲ್ಡಿಂಗ್ ಮಷೀನು, ಗ್ಯಾಸು, ಗ್ರೈಂಡರ್ ಡಿಸ್ಕು, ಪೌಡರ್ ಕೋಟಿಂಗ್ ಸೇರಿಸಿದರೆ ಉಳಿಯೋದು ಕಡಿಮೆ. ಅದಕ್ಕಿಂತ ದೊಡ್ಡದು ನಂಬರ್ ಪ್ಲೇಟಿನ ವಿಷಯ. ಕಿಟ್ ತಯಾರಕರ ಹೊಸ ಚಾಸಿಗೆ ಒಂದೇ ಡೋನರ್‌ನ ಎರಡು ಪ್ರಮುಖ ಭಾಗ ಹಾಕಿದ್ದಕ್ಕೆ ಪುರಾವೆ ಕೊಟ್ಟರೆ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ಡೋನರ್ ವಯಸ್ಸಿಗೆ ತಕ್ಕ ನಂಬರ್ ಕೊಡುತ್ತೆ. ಇಲ್ಲದಿದ್ದರೆ ಕ್ಯೂ ಪ್ಲೇಟ್, ಅಂದರೆ ವಯಸ್ಸು ಖಚಿತವಿಲ್ಲದ ಕಾರಿಗೆ ಕೊಡೋ ನಂಬರ್. ಮಾರುವಾಗ ಬೆಲೆ ಇಳಿಯುತ್ತೆ. ಡೋನರ್‌ನ ನೋಂದಣಿ ಪತ್ರ (ವಿ5ಸಿ) ಜೋಪಾನ. ಈ ನಿಯಮ ಆಗಾಗ ತಿದ್ದುಪಡಿ ಆಗುತ್ತೆ, ಚಾಸಿಗೆ ದುಡ್ಡು ಕಟ್ಟೋ ದಿನ ಇನ್ನೊಮ್ಮೆ ಓದಿ.

ಯಾವ ಚಾಸಿ ಅಂದರೆ, ಎಂಎಕ್ಸ್-5ರ ಸಬ್‌ಫ್ರೇಮುಗಳನ್ನ (ಎಂಜಿನ್, ಸಸ್ಪೆನ್ಷನ್ ಹಿಡಿದ ಚೌಕಟ್ಟು) ಹಾಗೇ ನುಂಗಿಕೊಳ್ಳೋ ಎಕ್ಸೋಸೆಟ್ ಅನ್ನೋ ಕಿಟ್ ಥರದ್ದು ಹೊಸಬರಿಗೆ ಸಲೀಸು. ಕಾರಣ ಇದೆ. ಎಂಎಕ್ಸ್-5 ಗೇರ್‌ಬಾಕ್ಸಿಗೆ ತನ್ನದೇ ಮೌಂಟ್ ಇಲ್ಲ. ಗೇರ್‌ಬಾಕ್ಸಿನಿಂದ ಡಿಫ್‌ವರೆಗೆ ಹೋಗೋ ಅಲ್ಯೂಮಿನಿಯಂ ತೊಲೆ, ಪಿಪಿಎಫ್ ಅಂತಾರೆ, ಎರಡನ್ನೂ ಹಿಡಿದಿಟ್ಟಿರುತ್ತೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಮೂಲದ 2,265 ಮಿ.ಮೀ.ನಲ್ಲೇ ಉಳಿದರೆ ತೊಲೆ ಹಾಗೇ ಕೂರುತ್ತೆ. ಗಿಡ್ಡ ಸೆವೆನ್ ಚಾಸಿಯಲ್ಲಿ ತೊಲೆ ತೆಗೀಬೇಕು, ಗೇರ್‌ಬಾಕ್ಸಿಗೊಂದು, ಡಿಫ್ ಮೂಗಿಗೊಂದು ಹೊಸ ಮೌಂಟ್ ಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಡಿಫ್ ಮೂಗಿಗೆ ಸರಿಯಾದ ಆಸರೆ ಇಲ್ಲದಿದ್ದರೆ ಕ್ಲಚ್ ಬಿಟ್ಟ ಕೂಡಲೇ ಅದು ತಲೆ ಎತ್ತುತ್ತೆ, ಮೌಂಟ್ ಬಿರಿಯುತ್ತೆ.

ಇಲ್ಲ, ನಾನೇ ಬೆಸೀತೀನಿ ಅಂದರೆ: 25 ಮಿ.ಮೀ. ಚೌಕದ ಬಾಕ್ಸ್ ಪೈಪು, ಗೋಡೆ ದಪ್ಪ 1.6 ಮಿ.ಮೀ., ಗ್ಯಾಲ್ವನೈಸ್ ಆಗದ್ದು. ಆರ್ಗಾನ್ ಮಿಶ್ರಣದ ಗ್ಯಾಸು, 0.6 ಅಥವಾ 0.8 ಮಿ.ಮೀ. ತಂತಿ. ಮಟ್ಟಸವಾದ ಮೇಜು ಇಲ್ಲದೆ ಶುರು ಮಾಡಬೇಡಿ. ಇಡೀ ಫ್ರೇಮನ್ನ ಮೊದಲು ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಕರ್ಣ ಅಳೆದು ವ್ಯತ್ಯಾಸ 2 ಮಿ.ಮೀ. ಒಳಗೆ ತನ್ನಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಅಂತ ಹಾರಿಹಾರಿ ಬೆಸೆಯಿರಿ. ಒಂದೇ ಕಡೆಯಿಂದ ಬೆಸೀತಾ ಹೋದರೆ ತಣ್ಣಗಾಗುವ ವೆಲ್ಡ್ ಎಳೆದು ಫ್ರೇಮು ಬಾಳೆ ಎಲೆ ಥರ ತಿರುಚಿಕೊಳ್ಳುತ್ತೆ. ಸಸ್ಪೆನ್ಷನ್ ಬ್ರ್ಯಾಕೆಟ್ ಕೂರಿಸೋದು ಎಲ್ಲಾ ಬೆಸೆದು ಮತ್ತೆ ಅಳೆದ ಮೇಲೆ, ಮೊದಲಲ್ಲ.

ಉತ್ತರ 3

ಎಲ್ಲರೂ ಚಾಸಿ ಬಗ್ಗೆ ಮಾತಾಡ್ತಾರೆ, ಅರ್ಧಕ್ಕೆ ನಿಂತ ಕಾರುಗಳು ನಿಲ್ಲೋದು ವೈರಿಂಗಿನಲ್ಲಿ.

ಡೋನರ್‌ನ ವೈರಿಂಗ್ ಲೂಮ್ (ಇಡೀ ಕಾರಿನ ವೈರುಗಳ ಕಟ್ಟು) ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ಪ್ರತಿ ಕನೆಕ್ಟರ್‌ಗೂ ಚೀಟಿ, ಚೀಟಿ ಮೇಲೆ ಪಾರದರ್ಶಕ ಟೇಪು; ಬರೀ ಪೆನ್ನಿನ ಬರಹ ಎಣ್ಣೆ ಕೈಗೆ ಅಳಿಸಿಹೋಗುತ್ತೆ. ಆಮೇಲೆ ನೆಲದ ಮೇಲೆ ಹರಡಿ, ಬ್ಯಾಟರಿ ಕೊಟ್ಟು, ಎಂಜಿನ್ ಓಡೋದನ್ನ ಖಾತ್ರಿ ಮಾಡ್ಕೊಂಡು ತೆಳು ಮಾಡೋಕೆ, ಅಂದರೆ ಬೇಡದ ವೈರು ತೆಗೆಯೋಕೆ, ಶುರು ಮಾಡಿ: ಪವರ್ ಕಿಟಕಿ, ರೇಡಿಯೋ, ಏರ್‌ಬ್ಯಾಗ್, ಮೇಲೇಳೋ ದೀಪದ ಮೋಟರು. ಏರ್‌ಬ್ಯಾಗ್ ಇದ್ದರೆ ಮುಟ್ಟುವ ಮುನ್ನ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ. ಒಂದೊಂದು ವಿಭಾಗ ತೆಗೆದಾಗಲೂ ಮತ್ತೆ ಸ್ಟಾರ್ಟ್ ಮಾಡಿ. ಐದು ಒಟ್ಟಿಗೆ ತೆಗೆದರೆ ಯಾವುದು ಕೈಕೊಟ್ಟಿತು ಅಂತ ತಿಳಿಯಲ್ಲ. ಮುಖ್ಯ ರಿಲೇ, ಪೆಟ್ರೋಲ್ ಪಂಪಿನ ರಿಲೇ ಬಿಸಾಕಬೇಡಿ. ಕಳ್ಳತನ ತಡೆಯೋ ಇಮ್ಮೊಬಿಲೈಸರ್ ಇರೋ ಮಾರ್ಕ್ 2 ಆದರೆ ಕೀ, ಇಸಿಯು (ಎಂಜಿನ್ ಕಂಪ್ಯೂಟರ್), ಇಮ್ಮೊಬಿಲೈಸರ್ ಪೆಟ್ಟಿಗೆ ಮೂರೂ ಒಂದೇ ಕಾರಿನವು ಇರಲೇಬೇಕು. ಚಾಸಿ ಮೇಲೆ ವೆಲ್ಡಿಂಗ್ ಕೆಲಸ ಬಂದರೆ ಇಸಿಯು ಬಿಚ್ಚಿ ಒಳಗಿಡಿ.

ಕೂಲಿಂಗ್: ಸೆವೆನ್ ಮೂಗು ತಗ್ಗು, ರೇಡಿಯೇಟರ್ ಎಂಜಿನ್‌ಗಿಂತ ಕೆಳಗೆ ಬೀಳುತ್ತೆ. ಹೆಡರ್ ಟ್ಯಾಂಕ್ (ಕೂಲಂಟ್ ತುಂಬೋ ತೊಟ್ಟಿ) ಇಡೀ ವ್ಯವಸ್ಥೆಯಲ್ಲೇ ಎಲ್ಲಕ್ಕಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಗಾಳಿ ಹೆಡ್‌ನಲ್ಲಿ ಸಿಕ್ಕಿಕೊಂಡು ಮೀಟರ್ ಸರಿ ತೋರಿಸುತ್ತಲೇ ಎಂಜಿನ್ ಬೇಯುತ್ತೆ. ಪೆಟ್ರೋಲ್ ಪೈಪು ಆರ್9 ದರ್ಜೆಯದ್ದೇ ತಗೊಳ್ಳಿ. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ 10 ಶೇಕಡಾವರೆಗೆ ಎಥನಾಲ್ ಇರುತ್ತೆ, ಅಗ್ಗದ ರಬ್ಬರ್ ಒಳಗಿಂದ ಬಿರುಕು ಬಿಡುತ್ತೆ.

ಬ್ರೇಕ್ ಪೈಪು 3/16 ಇಂಚಿನ ತಾಮ್ರ-ನಿಕ್ಕೆಲ್. ಮಜ್ದಾ ಯೂನಿಯನ್ (ಪೈಪು ಜೋಡಿಸೋ ನಟ್ಟು) ಎಂ10, 1 ಮಿ.ಮೀ. ಪಿಚ್, ಪೈಪಿನ ತುದಿ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ್ದು). ಯೂರೋಪಿನ ಕಾರುಗಳ ಗುಳ್ಳೆಯಾಕಾರದ ಫ್ಲೇರನ್ನ ಇದಕ್ಕೆ ಬಿಗಿದರೆ ಮೊದಲ ದಿನ ಹಿಡಿದಂತೆ ಕಂಡು ಆಮೇಲೆ ಜಿನುಗುತ್ತೆ. ಅಲ್ಯೂಮಿನಿಯಂ ಹಾಳೆ ಉಕ್ಕಿನ ಪೈಪಿಗೆ ತಾಗೋ ಕಡೆಯೆಲ್ಲ ಮಧ್ಯೆ ಸೀಲಂಟ್ ಹಚ್ಚಿಯೇ ರಿವೆಟ್ ಹೊಡೆಯಿರಿ. ಮರೆತರೆ ಎರಡು ಚಳಿಗಾಲದಲ್ಲಿ ಬಿಳಿ ಬೂಸು ಏಳುತ್ತೆ.

ಉತ್ತರ 4

ಐವಿಎ ಬಗ್ಗೆ. ಕೈಪಿಡಿ ಉಚಿತವಾಗಿ ಸಿಗುತ್ತೆ, ಅದನ್ನ ಕೊನೇಲಿ ಓದೋದೇ ದೊಡ್ಡ ತಪ್ಪು. ದೀಪ ಎಲ್ಲಿ ಕೂರಬೇಕು ಅನ್ನೋದು ಅದರಿಂದಲೇ ಗೊತ್ತಾಗೋದು.

ಫೇಲಾಗೋದು ಹೆಚ್ಚಾಗಿ ಎಂಜಿನ್ನಿಂದಲ್ಲ, ಚೂಪು ಅಂಚಿನಿಂದ. 100 ಮಿ.ಮೀ. ವ್ಯಾಸದ ಪರೀಕ್ಷಾ ಗೋಳ ಹೊರಮೈಯಲ್ಲಿ ಎಲ್ಲೆಲ್ಲಿ ತಾಗಬಹುದೋ ಅಲ್ಲೆಲ್ಲ ಅಂಚು ಕನಿಷ್ಠ 2.5 ಮಿ.ಮೀ. ತ್ರಿಜ್ಯಕ್ಕೆ ಉರುಟಾಗಿರಬೇಕು. ಸಸ್ಪೆನ್ಷನ್ ಬೋಲ್ಟಿನ ತುದಿ, ರೆಕ್ಕೆ ಮಡ್‌ಗಾರ್ಡಿನ ಅಂಚು, ಕನ್ನಡಿ ಬ್ರ್ಯಾಕೆಟ್ಟು, ಯಾವುದಕ್ಕೂ ರಿಯಾಯಿತಿ ಇಲ್ಲ. ನಟ್ಟಿನ ಪ್ಲಾಸ್ಟಿಕ್ ಟೋಪಿ, ಅಂಚಿಗೆ ರಬ್ಬರ್ ಟ್ರಿಮ್ ಡಬ್ಬಿಗಟ್ಟಲೆ ತನ್ನಿ. ನೋಡೋಕೆ ಮಕ್ಕಳ ಆಟಿಕೆ ಥರ ಕಾಣುತ್ತೆ, ಇರಲಿ.

ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರು: ಪ್ರತಿ 300 ಮಿ.ಮೀ.ಗೆ ಒಂದು ಕ್ಲಿಪ್. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಬ್ಯಾಲೆನ್ಸ್ ಬಾರ್ (ಮುಂದೆ, ಹಿಂದೆ ಬ್ರೇಕ್ ಬಲ ಹಂಚೋ ಸರಳು) ಹಾಕಿದ್ದರೆ ಹೊಂದಿಸಿದ ಮೇಲೆ ತಿರುಗದ ಹಾಗೆ ಭದ್ರಪಡಿಸಿ. ಹೆಗಲ ಬೆಲ್ಟಿನ ಮೇಲಿನ ಆಧಾರ ಸೀಟಿನಿಂದ 450 ಮಿ.ಮೀ.ಗಿಂತ ಕೆಳಗೆ ಬರಬಾರದು, ದಪ್ಪ ಕುಶನ್ ಹಾಕಿ ಇಲ್ಲಿ ಸಿಕ್ಕಿಬೀಳೋರು ಜಾಸ್ತಿ. ಶಬ್ದ 99 ಡೆಸಿಬೆಲ್ ಒಳಗೆ, ಗರಿಷ್ಠ ಪವರ್ ಬರೋ ಆರ್‌ಪಿಎಂನ ಮುಕ್ಕಾಲು ಭಾಗದಲ್ಲಿ ಅಳೀತಾರೆ. ಸೈಲೆನ್ಸರ್ ಒಳಗೆ ಶಬ್ದ ಹೀರೋಕೆ ತುಂಬಿದ ಉಣ್ಣೆ ಹಳೇದಾಗಿದ್ದರೆ ಹೊಸದು ತುಂಬಿಕೊಂಡು ಹೋಗಿ. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹಾಗಾಗಿ ಡೋನರ್‌ನ ಮೀಟರೇ ಇಟ್ಟರೆ ಟೈರಿನ ಸುತ್ತಳತೆಯೂ ಅದೇ ಇರಲಿ.

ಸ್ಟೀರಿಂಗ್ ತಿರುವಿನಲ್ಲಿ ಕೈಬಿಟ್ಟರೆ ತಾನಾಗೇ ನಡುವಿಗೆ ಮರಳಬೇಕು. ಮರಳದಿದ್ದರೆ ಮೊದಲು ಕಾಲಮ್ಮಿನ ಯೂನಿವರ್ಸಲ್ ಜಾಯಿಂಟ್ ಎಲ್ಲಾದರೂ ಬಿಗಿ ಹಿಡಿದಿದೆಯಾ ನೋಡಿ, ಆಮೇಲೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಹೆಚ್ಚಿಸಿ. ಹಗುರ ಕಾರಿಗೆ 5 ಡಿಗ್ರಿ ಆಸುಪಾಸು ಬೇಕಾಗುತ್ತೆ.

ಎಂಜಿನ್ ಯಾವ ವರ್ಷದ್ದು ಅನ್ನೋದಕ್ಕೆ ದಾಖಲೆ ಒಯ್ಯಿರಿ, ಹೊಗೆ ಪರೀಕ್ಷೆಯ ಮಿತಿ ಅದರ ಮೇಲೆ ನಿಂತಿದೆ. ಕಟ್ಟಿದ ಪ್ರತಿ ಹಂತದ ಫೋಟೋ, ಪ್ರತಿ ರಸೀದಿ ಕೂಡ. ನೀವೇ ಕಟ್ಟಿದ್ದು ಅನ್ನೋಕೆ ಅದೇ ಸಾಕ್ಷಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಎಕ್ಸೋಸೆಟ್ ಥರದ್ದೇ ನೋಡ್ತೀನಿ. ಇನ್ನೊಂದು: ಮುಂದೆ ಬೆಂಗಳೂರಿಗೆ ವಾಪಸ್ ಹೋದರೆ ಕಾರು ಒಯ್ಯಬಹುದಾ?

ಉತ್ತರ 2

ಆ ಲೆಕ್ಕ ಇಟ್ಟುಕೊಂಡು ಕಟ್ಟಬೇಡಿ ಸಾರ್. ಅಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಮಾದರಿ ವಾಹನವನ್ನ ಎಆರ್‌ಎಐಯಂಥ ಸಂಸ್ಥೆಯಿಂದ ಪರೀಕ್ಷೆ ಮಾಡಿಸಬೇಕು. ಅದು ಕಾರ್ಖಾನೆಗಳಿಗೆ ಹೊಲಿದ ಅಂಗಿ, ಮನೇಲಿ ಕಟ್ಟಿದ ಒಂದು ಕಾರಿಗಲ್ಲ. ಹೋಗುವಾಗ ಇಲ್ಲೇ ಮಾರಿ, ಅದಕ್ಕೇ ವಯಸ್ಸಿನ ನಂಬರ್ ಪ್ಲೇಟ್ ಬಗ್ಗೆ ಅಷ್ಟು ಹೇಳಿದ್ದು.

ಉತ್ತರ 4

ಐವಿಎಗೆ ಹೋಗೋ ದಿನ ಕಾಯ್ದಿರಿಸಿದ ಪರೀಕ್ಷೆಗೆ ನಂಬರ್ ಇಲ್ಲದೆಯೂ ರಸ್ತೆಯಲ್ಲಿ ಓಡಿಸಬಹುದು, ಆದರೆ ಚಾಸಿ ನಂಬರಿನ ಮೇಲೆ ಇನ್ಶೂರೆನ್ಸ್ ಇರಬೇಕು. ಮಳೆ ಸೂಚನೆ ಇದ್ದರೆ ಟ್ರೇಲರ್ ಬಾಡಿಗೆಗೆ ತಗೊಳ್ಳಿ, ಒದ್ದೆ ಕನೆಕ್ಟರ್ ಜೊತೆ ಪರೀಕ್ಷಕರ ಮುಂದೆ ನಿಲ್ಲೋದು ಬೇಡ. ಡಿಕ್ಕಿಯಲ್ಲಿ ಅಂಚಿನ ಟ್ರಿಮ್, ಕೇಬಲ್ ಟೈ, ಫೈಲು ಇರಲಿ. ಸಣ್ಣಪುಟ್ಟದ್ದನ್ನ ಅಲ್ಲೇ ಸರಿಮಾಡೋಕೆ ಕೆಲವರು ಬಿಡ್ತಾರೆ.